ಲಾಯ್ಡ್ಸ್: ಕಂಪನಿಯಲ್ಲ, ಹೆಸರಿನ ಮಂಡಿ

2023ರ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ಕಚ್ಚಾ ತೈಲ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದ ‘ಕೆಮ್ ಪ್ಲೂಟೊ’ ಎಂಬ ಟ್ಯಾಂಕರಿಗೆ ಡ್ರೋನ್ ಬಂದು ಬಡಿಯಿತು. ಆಗ ಹಡಗು ಗುಜರಾತಿನ ವೆರಾವಲ್‌ನಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿತ್ತು. ಬೆಂಕಿ ಹತ್ತಿತು, ಸಿಬ್ಬಂದಿಯೇ ಆರಿಸಿದರು. ಹಡಗಿನಲ್ಲಿದ್ದವರು ಬಹುತೇಕ ಭಾರತೀಯರೇ. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಂಗಳೂರಿಗೆ ಬರಬೇಕಿದ್ದ ಹಡಗು ಮುಂಬೈ ಸೇರಿತು.

ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದ್ದು ಅದಕ್ಕೂ ಒಂದು ತಿಂಗಳು ಮೊದಲು. ಅಲ್ಲಿಂದೀಚೆಗೆ ಸುದ್ದಿಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತಿದೆ: ಲಾಯ್ಡ್ಸ್. ‘ಲಂಡನ್ನಿನ ವಿಮಾ ಕಂಪನಿ ಲಾಯ್ಡ್ಸ್ ಪ್ರೀಮಿಯಂ ಏರಿಸಿತು’ ಎಂಬ ಧಾಟಿಯ ಸಾಲು ಓದಿದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ. ಯಾಕಂದ್ರೆ ಲಾಯ್ಡ್ಸ್ ವಿಮಾ ಕಂಪನಿಯೇ ಅಲ್ಲ. ಅದು ಒಂದು ಮಂಡಿ.

ಯಶವಂತಪುರ ಎಪಿಎಂಸಿಗೆ ಹೋಗಿ ಈರುಳ್ಳಿ ತಂದವರು ‘ಎಪಿಎಂಸಿ ನನಗೆ ಈರುಳ್ಳಿ ಮಾರಿತು’ ಅನ್ನುತ್ತಾರಾ? ಇಲ್ಲ. ಎಪಿಎಂಸಿಯಲ್ಲಿ ಇಂಥ ಮಂಡಿಯವರ ಹತ್ತಿರ ತಂದೆ ಅನ್ನುತ್ತಾರೆ. ಎಪಿಎಂಸಿ ಜಾಗ ಕೊಡುತ್ತೆ, ಲೈಸೆನ್ಸ್ ಕೊಡುತ್ತೆ, ತೂಕದಲ್ಲಿ ಮೋಸ ಆಗದಂತೆ ನೋಡಿಕೊಳ್ಳುತ್ತೆ. ವ್ಯಾಪಾರ ಮಾಡೋದು ಒಳಗಿರುವ ಅಂಗಡಿಯವರು. ಲಾಯ್ಡ್ಸ್ ಕೂಡ ಹಾಗೇ. ಒಂದೇ ವ್ಯತ್ಯಾಸ, ಅಲ್ಲಿ ಗೋಣಿಚೀಲಗಳಿಲ್ಲ. ಮಾರಾಟಕ್ಕಿರುವುದು ‘ನಷ್ಟವಾದರೆ ನಾವು ಕೊಡ್ತೀವಿ’ ಎಂಬ ಮಾತು.

ಶುರುವಾಗಿದ್ದು ಕಾಫಿಯಿಂದ. 1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ಲಂಡನ್ನಿನ ಟವರ್ ಸ್ಟ್ರೀಟಿನಲ್ಲಿ ಕಾಫಿ ಅಂಗಡಿ ಇಟ್ಟಿದ್ದ. 1691ರಲ್ಲಿ ಅದನ್ನು ಲೊಂಬಾರ್ಡ್ ಸ್ಟ್ರೀಟಿಗೆ ಸಾಗಿಸಿದ. ಹತ್ತಿರದಲ್ಲೇ ಥೇಮ್ಸ್ ನದಿಯ ಹಡಗುಕಟ್ಟೆ. ಕ್ಯಾಪ್ಟನ್‌ಗಳು, ಹಡಗಿನ ಮಾಲೀಕರು, ಕೈಯಲ್ಲಿ ಒಂದಿಷ್ಟು ಕಾಸಿದ್ದ ವ್ಯಾಪಾರಿಗಳು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು ಎಂಬ ಸುದ್ದಿ ಅಲ್ಲಿ ಬೇಗ ಸಿಗುತ್ತಿತ್ತು. ಲಾಯ್ಡ್ ಸ್ವತಃ ಒಂದು ವಿಮೆಯನ್ನೂ ಮಾರಿದವನಲ್ಲ. ಮೇಜು, ಶಾಯಿ, ಸುದ್ದಿ, ಕಾಫಿ ಕೊಟ್ಟ. 1713ರಲ್ಲಿ ತೀರಿಕೊಂಡ. ಮೂರು ಶತಮಾನದಿಂದ ಜಗತ್ತಿನ ಅತಿ ದೊಡ್ಡ ಅಪಾಯಗಳ ಕಾಗದದ ಮೇಲೆ ಒಬ್ಬ ಹೋಟೆಲಿನವನ ಹೆಸರು ಕೂತಿದೆ, ನೋಡಿ.

ಆ ಅಂಗಡಿಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಈಗಿನ ಲಾಯ್ಡ್ಸ್ ಕಟ್ಟಡ ಲೈಮ್ ಸ್ಟ್ರೀಟಿನಲ್ಲಿದೆ. ರಿಚರ್ಡ್ ರಾಜರ್ಸ್ ವಿನ್ಯಾಸ ಮಾಡಿದ್ದು, 1986ರಲ್ಲಿ ತೆರೆದಿದ್ದು. ಪೈಪು, ಲಿಫ್ಟು, ಮೆಟ್ಟಿಲು ಎಲ್ಲ ಹೊರಗೆ ನೇತಾಡುವ ಸ್ಟೀಲಿನ ಕಟ್ಟಡ ಅದು. ಆದರೆ ಒಳಗೆ ಬಾಗಿಲಲ್ಲಿ ಉದ್ದ ಕೋಟು ಹಾಕಿ ನಿಂತ ಸಿಬ್ಬಂದಿಯನ್ನು ಇಂದಿಗೂ ‘ವೇಟರ್’ ಅಂತಲೇ ಕರೆಯುತ್ತಾರೆ. ವಿಮೆ ಬರೆಯುವವರು ಕೂರುವ ಮೇಜಿಗೆ ‘ಬಾಕ್ಸ್’ ಅನ್ನುತ್ತಾರೆ, ಕಾಫಿ ಅಂಗಡಿಯ ಬೆಂಚಿನ ಕಾಲದ ಮಾತು. ‘ಅಂಡರ್‌ರೈಟರ್’ ಎಂಬ ಪದವಂತೂ ಅಕ್ಷರಶಃ ಕೆಳಗೆ ಬರೆಯುವವನು. ಹಡಗಿನ ವಿವರ ಬರೆದ ಕಾಗದದ ಕೆಳಗೆ ತನ್ನ ಹೆಸರು, ತಾನು ಹೊರುವ ಪಾಲು ಬರೆದು ಸಹಿ ಹಾಕುತ್ತಿದ್ದ, ಅಷ್ಟೇ.

ಈಗಲೂ ಕೆಲಸ ನಡೆಯುವ ರೀತಿ ಹೆಚ್ಚು ಬದಲಾಗಿಲ್ಲ. ಒಂದು ಹಡಗಿಗೋ ತೈಲ ಬಾವಿಗೋ ವಿಮೆ ಬೇಕು ಅಂತಿಟ್ಟುಕೊಳ್ಳಿ. ಮಾಲೀಕ ಸಾಮಾನ್ಯವಾಗಿ ನೇರವಾಗಿ ಹೋಗುವುದಿಲ್ಲ, ಬ್ರೋಕರ್ ಮೂಲಕ ಹೋಗುತ್ತಾನೆ. ಬ್ರೋಕರ್ ವಿವರವನ್ನೆಲ್ಲ ಒಂದು ‘ಸ್ಲಿಪ್’ನಲ್ಲಿ ಬರೆದುಕೊಂಡು ಮೊದಲು ಆ ವಿಷಯದಲ್ಲಿ ಪಳಗಿದ ಒಬ್ಬ ಅಂಡರ್‌ರೈಟರ್ ಹತ್ತಿರ ಹೋಗುತ್ತಾರೆ. ಅವರು ಬೆಲೆ ಕಟ್ಟುತ್ತಾರೆ, ಷರತ್ತು ಹಾಕುತ್ತಾರೆ, ‘ನನ್ನದು ಶೇ 15’ ಅಂತ ಬರೆಯುತ್ತಾರೆ. ಆಮೇಲೆ ಬ್ರೋಕರ್ ಮುಂದಿನ ಮೇಜಿಗೆ. ಅಲ್ಲಿ ಶೇ 10, ಇನ್ನೊಂದು ಕಡೆ ಶೇ 5. ನೂರು ತುಂಬುವವರೆಗೂ ಸುತ್ತಾಟ. ಈಗ ಬಹುಪಾಲು ಕಂಪ್ಯೂಟರಿನಲ್ಲೇ ಆಗುತ್ತದೆ, ಆದರೂ ಮುಖ ನೋಡಿ ಮಾತಾಡುವ ಅಭ್ಯಾಸ ಬಿಟ್ಟಿಲ್ಲ. ಮೊದಲ ಸಹಿ ಯಾರದು ಎಂಬುದರ ಮೇಲೆ ಉಳಿದವರು ತೀರ್ಮಾನ ಮಾಡುತ್ತಾರೆ. ನಮ್ಮೂರಿನ ಚಂದಾ ಪಟ್ಟಿಯಲ್ಲಿ ಮೊದಲು ಯಾರ ಕೈಲಿ ಬರೆಸಬೇಕು ಅಂತ ಯೋಚನೆ ಮಾಡುತ್ತಾರಲ್ಲ, ಅದೇ ಲೆಕ್ಕ.

ಹೀಗೆ ಪಾಲು ಹೊರುವ ಗುಂಪುಗಳಿಗೆ ‘ಸಿಂಡಿಕೇಟ್’ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ನಂಬರ್. ಇಲ್ಲೊಂದು ಮುಖ್ಯ ವಿಷಯವಿದೆ. 1982ರ ಲಾಯ್ಡ್ಸ್ ಕಾಯ್ದೆ ಹೇಳುವ ಪ್ರಕಾರ ಪ್ರತಿ ಸದಸ್ಯನೂ ತನ್ನ ಪಾಲಿಗೆ ಮಾತ್ರ ಹೊಣೆ, ಪಕ್ಕದವನ ಪಾಲಿಗಲ್ಲ. ಅಂದರೆ ಶೇ 10 ಬರೆದವನು ದಿವಾಳಿಯಾದರೆ ಶೇ 15ರವನು ಆ ಹೊರೆ ಹೊರಬೇಕಿಲ್ಲ. ಅಂಥ ಹೊತ್ತಿಗೆ ಅಂತಲೇ 1927ರಿಂದ ಎಲ್ಲರೂ ಸೇರಿ ಕಟ್ಟಿದ ಒಂದು ಕೇಂದ್ರ ನಿಧಿ ಇದೆ. ‘ಲಾಯ್ಡ್ಸ್ ಕೊಡುತ್ತೆ’ ಅಂತ ನಾವು ಸುಮ್ನೆ ಹೇಳಿಬಿಡುವ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಈ ಮಂಡಿಗೆ ಯಾವ ಸರಕು ಬರುತ್ತೆ? ಬೇರೆಯವರು ‘ಬೇಡಪ್ಪಾ’ ಅನ್ನುವಂಥದ್ದು. ಯುದ್ಧದ ಸಮುದ್ರದಲ್ಲಿ ಹೋಗುವ ಹಡಗು, ಒತ್ತೆಯಾಳು ಹಣ, ಸೈಬರ್ ದಾಳಿ, ರಾಕೆಟ್ಟು. ಇದರಲ್ಲಿ ನನಗೆ ತುಂಬ ಇಷ್ಟವಾದ ಕಥೆ 1984ರದ್ದು. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಶಟಲ್ ನೌಕೆಯಿಂದ ಬಿಟ್ಟ ಎರಡು ಉಪಗ್ರಹಗಳು, ಇಂಡೊನೇಷ್ಯಾದ ಪಲಾಪಾ ಮತ್ತು ಅಮೆರಿಕದ ವೆಸ್ಟಾರ್ 6, ಸರಿಯಾದ ಕಕ್ಷೆ ಸೇರದೆ ಕೆಲಸಕ್ಕೆ ಬಾರದಂತಾದವು. ಲಾಯ್ಡ್ಸ್‌ನ ಅಂಡರ್‌ರೈಟರ್‌ಗಳೂ ಸೇರಿದಂತೆ ವಿಮೆ ಬರೆದವರು ಪೂರ್ತಿ ಹಣ ಕೊಟ್ಟರು. ಹಣ ಕೊಟ್ಟ ಮೇಲೆ ಮಾಲು ಯಾರದ್ದು? ವಿಮೆಯವರದ್ದು. ಅಪಘಾತವಾದ ಕಾರು ‘ಟೋಟಲ್ ಲಾಸ್’ ಆದರೆ ಗುಜರಿ ಹಕ್ಕು ವಿಮಾ ಕಂಪನಿಗೆ ಹೋಗುತ್ತಲ್ಲ, ಹಾಗೆ. ಆದರೆ ಇಲ್ಲಿ ಗುಜರಿ ಇದ್ದದ್ದು ಆಕಾಶದಲ್ಲಿ. ಅವರು ಕಾಸು ಕೊಟ್ಟು ಮತ್ತೊಂದು ಶಟಲ್ ಪ್ರಯಾಣದಲ್ಲಿ ಅದನ್ನು ಹಿಡಿದು ತರಿಸಿದರು. ನವೆಂಬರಿನಲ್ಲಿ ‘ಡಿಸ್ಕವರಿ’ ನೌಕೆಯ ಗಗನಯಾತ್ರಿಗಳು ಎರಡನ್ನೂ ಹಿಡಿದರು. ಅಲ್ಲೇ ತೇಲುತ್ತಾ ‘ಮಾರಾಟಕ್ಕಿದೆ’ ಎಂಬ ಬೋರ್ಡು ಹಿಡಿದು ಫೋಟೊ ಕೂಡ ತೆಗೆಸಿಕೊಂಡರು.

ಮಾರಾಟವೂ ಆಯಿತು. ವೆಸ್ಟಾರ್ 6 ದುರಸ್ತಿಯಾಗಿ, 1990ರಲ್ಲಿ ಚೀನಾದ ರಾಕೆಟ್ ಏರಿ, ‘ಏಷ್ಯಾಸ್ಯಾಟ್ 1’ ಎಂಬ ಹೊಸ ಹೆಸರಿನಲ್ಲಿ ಮೇಲೆ ಹೋಯಿತು. 90ರ ದಶಕದ ಆರಂಭದಲ್ಲಿ ಕೇಬಲ್‌ನವರು ಮಹಡಿ ಮೇಲೆ ದೊಡ್ಡ ಡಿಶ್ ಕೂರಿಸಿ ನಮಗೆ ಸ್ಟಾರ್ ಟಿವಿ, ಆಮೇಲೆ ಝೀ ಟಿವಿ ತೋರಿಸಿದರಲ್ಲ, ಆ ಚಾನೆಲ್‌ಗಳು ಬರುತ್ತಿದ್ದದ್ದು ಇದೇ ಏಷ್ಯಾಸ್ಯಾಟ್ 1ರಿಂದ. ವಿಮೆಯವರ ಗುಜರಿ ಮಾಲಿನಲ್ಲಿ ನಾವು ಸೀರಿಯಲ್ ನೋಡಿದ್ದೇವೆ.

ಲಾಯ್ಡ್ಸ್‌ಗೆ ಹೆಸರು ಬಂದದ್ದು ಹಣ ಕೊಟ್ಟು. ಇದನ್ನು ಒಪ್ಪಬೇಕು. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಿಂದ, ಹಿಂದೆಯೇ ಬಂದ ಬೆಂಕಿಯಿಂದ ನಾಶವಾಯಿತು. ಭೂಕಂಪಕ್ಕೆ ವಿಮೆ ಇಲ್ಲ, ಬೆಂಕಿಗೆ ಮಾತ್ರ ಅಂತ ಎಷ್ಟೋ ಕಂಪನಿಗಳು ಜಗಳಕ್ಕೆ ನಿಂತವು. ಲಾಯ್ಡ್ಸ್‌ನ ಅಂಡರ್‌ರೈಟರ್ ಕತ್‌ಬರ್ಟ್ ಹೀತ್ ತನ್ನ ಏಜೆಂಟನಿಗೆ ತಂತಿ ಕಳಿಸಿದ. ಪಾಲಿಸಿಯ ಷರತ್ತು ಏನೇ ಇರಲಿ, ನಮ್ಮ ಎಲ್ಲ ಪಾಲಿಸಿದಾರರಿಗೂ ಪೂರ್ತಿ ಕೊಟ್ಟುಬಿಡು ಎಂಬುದು ಅದರ ತಾತ್ಪರ್ಯ. ಅಮೆರಿಕದ ಮಾರುಕಟ್ಟೆ ಲಾಯ್ಡ್ಸ್ ಕೈಗೆ ಬಂದದ್ದು ಆ ತಂತಿಯಿಂದ ಅಂತ ಈಗಲೂ ಹೇಳುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗಲೂ ಅಷ್ಟೆ, 10 ಲಕ್ಷ ಪೌಂಡಿನ ವಿಮೆಯ ಹಣ ಒಂದು ತಿಂಗಳೊಳಗೆ ಪಾವತಿಯಾಯಿತು.

ಆದರೆ ಆ ಹಣ ಯಾರದ್ದು? ಇಲ್ಲಿಂದ ಕಥೆ ಕಹಿಯಾಗುತ್ತದೆ.

ಲಾಯ್ಡ್ಸ್‌ನಲ್ಲಿ ಬಂಡವಾಳ ಹಾಕುವ ವ್ಯಕ್ತಿಗಳನ್ನು ‘ನೇಮ್ಸ್’ ಅಂತ ಕರೆಯುತ್ತಾರೆ. ಹೆಸರುಗಳು! ಸ್ಲಿಪ್ ಕೆಳಗೆ ಹೆಸರು ಬರೆಯುತ್ತಿದ್ದ ಕಾಲದಿಂದ ಉಳಿದ ಮಾತು. (ಮಂಡಿ ಅಂದ ಮೇಲೆ ಹೆಸರು ಇರಲೇಬೇಕು, ಕಾಳು ಅಲ್ಲದಿದ್ದರೂ.) ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರು ಜಾಮೀನು ಸಹಿ ಹಾಕಿದವರು. ಹಣ ಪೂರ್ತಿ ಕೊಡಬೇಕಿಲ್ಲ. ತನ್ನ ಆಸ್ತಿ ಇಷ್ಟಿದೆ ಅಂತ ತೋರಿಸಿ ಸಹಿ ಹಾಕಿದರೆ ಸಾಕು. ಆಸ್ತಿ ತನ್ನ ಪಾಡಿಗೆ ಬಾಡಿಗೆಯೋ ಡಿವಿಡೆಂಡೋ ತರುತ್ತಿರುತ್ತದೆ, ಮೇಲೆ ಪ್ರೀಮಿಯಂ ಲಾಭದಲ್ಲಿ ಪಾಲು. ಒಂದೇ ಹಸುವಿನಿಂದ ಎರಡು ಸಲ ಹಾಲು. ಆದರೆ ಆಗ ಹೊಣೆಗೆ ಮಿತಿ ಇರಲಿಲ್ಲ. ಕೊನೆಯ ಕಫ್‌ಲಿಂಕ್ ಗುಂಡಿಯವರೆಗೂ ಕೊಡಬೇಕು ಅಂತ ಅಲ್ಲಿ ಒಂದು ಮಾತೇ ಇತ್ತು.

ಹಳೆಯ ಕಾಲದಲ್ಲಿ ನೇಮ್ಸ್ ಅಂದರೆ ದೊಡ್ಡ ಜಮೀನ್ದಾರರು, ಶ್ರೀಮಂತರು. 1970ರ ನಂತರ ಬಾಗಿಲು ಅಗಲವಾಯಿತು. ವೈದ್ಯರು, ನಿವೃತ್ತ ಸೇನಾಧಿಕಾರಿಗಳು, ಕ್ರೀಡಾಪಟುಗಳು, ಮನೆಯನ್ನೇ ಆಸ್ತಿ ಅಂತ ತೋರಿಸಿದ ಮಧ್ಯಮ ವರ್ಗದವರು ಎಲ್ಲರೂ ಬಂದರು. 1988ರ ಹೊತ್ತಿಗೆ 32 ಸಾವಿರಕ್ಕೂ ಹೆಚ್ಚು ನೇಮ್ಸ್ ಇದ್ದರು.

ಅವರಿಗೆ ಕಾದಿದ್ದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಅಮೆರಿಕದ ಕಾರ್ಖಾನೆಗಳಲ್ಲಿ ಅದರ ಧೂಳು ಕುಡಿದ ಕಾರ್ಮಿಕರು ಹತ್ತಾರು ವರ್ಷದ ನಂತರ ಶ್ವಾಸಕೋಶದ ಕಾಯಿಲೆಯಿಂದ ಸಾಯತೊಡಗಿದರು. ಕಂಪನಿಗಳ ಮೇಲೆ ಕೇಸು ಬಿತ್ತು. ಕಂಪನಿಗಳು ಎಷ್ಟೋ ದಶಕದ ಹಿಂದಿನ ಲಾಯ್ಡ್ಸ್ ಪಾಲಿಸಿಗಳನ್ನು ಕಪಾಟಿನಿಂದ ತೆಗೆದವು. ಆ ಪಾಲಿಸಿ ಬರೆದವರು ಆಗಲೇ ಸತ್ತುಹೋಗಿದ್ದರೂ ಹೊಣೆ ಸತ್ತಿರಲಿಲ್ಲ. ಲಾಯ್ಡ್ಸ್‌ನಲ್ಲಿ ಒಂದು ವರ್ಷದ ಲೆಕ್ಕವನ್ನು ಮೂರು ವರ್ಷ ಕಾದು ಮುಚ್ಚುತ್ತಾರೆ. ಮುಚ್ಚುವಾಗ ಉಳಿದ ಹಳೆಯ ಹೊಣೆಯನ್ನೆಲ್ಲ ಮುಂದಿನ ವರ್ಷದವರಿಗೆ ದಾಟಿಸುತ್ತಾರೆ. ಹೀಗೆ ದಾಟುತ್ತಾ ದಾಟುತ್ತಾ, 1980ರ ದಶಕದಲ್ಲಿ ಹೊಸದಾಗಿ ಸಹಿ ಹಾಕಿದವರ ತಲೆ ಮೇಲೆ ಅವರು ಹುಟ್ಟುವ ಮೊದಲಿನ ಪಾಲಿಸಿಗಳೂ ಬಂದು ಕೂತವು. ಮದುವೆಯಾಗಿ ಬಂದ ಮರುದಿನವೇ ಸೊಸೆಯ ಕೈಗೆ ಗಂಡನ ಮುತ್ತಾತನ ಸಾಲಪತ್ರ ಕೊಟ್ಟ ಹಾಗೆ.

ಅದೇ ಹೊತ್ತಿಗೆ 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಸ್ಫೋಟಿಸಿ 167 ಜನ ಸತ್ತರು. ಒಬ್ಬರಿಗೊಬ್ಬರು ಮರುವಿಮೆ (ವಿಮೆ ಬರೆದವರೇ ತಮಗೆ ಮಾಡಿಸಿಕೊಳ್ಳುವ ವಿಮೆ) ಮಾಡಿಕೊಂಡಿದ್ದ ಸಿಂಡಿಕೇಟುಗಳ ನಡುವೆಯೇ ಆ ಒಂದು ನಷ್ಟ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಕ್ಲೇಮು ಬೆಳೆಯುತ್ತಾ ಹೋಯಿತು. 1988ರಿಂದ 1992ರ ಐದು ವರ್ಷದಲ್ಲಿ ನಷ್ಟ ಸುಮಾರು 800 ಕೋಟಿ ಪೌಂಡ್. ಮನೆ ಮಾರಿದವರಿದ್ದರು, ಪ್ರಾಣ ಕಳೆದುಕೊಂಡವರೂ ಇದ್ದರು. ಒಳಗಿನವರಿಗೆ ಕಲ್ನಾರಿನ ಗಂಡಾಂತರ ಮೊದಲೇ ಗೊತ್ತಿತ್ತು, ಹೊರೆ ಹಂಚಲೆಂದೇ ಹೊಸಬರನ್ನು ಸೇರಿಸಿಕೊಂಡರು ಅಂತ ನೇಮ್ಸ್ ಕೋರ್ಟಿಗೆ ಹೋದರು. ವಂಚನೆ ಎಂಬುದನ್ನು ಲಂಡನ್ ಕೋರ್ಟು ಒಪ್ಪಲಿಲ್ಲ. 1996ರಲ್ಲಿ ರಾಜಿಯಾಯಿತು, ಹಳೆಯ ಹೊಣೆಯನ್ನೆಲ್ಲ ‘ಎಕ್ವಿಟಾಸ್’ ಎಂಬ ಬೇರೆ ಸಂಸ್ಥೆಗೆ ಕಟ್ಟಿ ಕಳಿಸಿದರು. ಜಾಮೀನಿಗೆ ಸಹಿ ಹಾಕಿ ಹಾಳಾದವರ ಕಥೆ ನಮ್ಮ ಪ್ರತಿ ಊರಲ್ಲೂ ಇದೆ. ಆದರೂ ಓದು ಬರಹ ಬಲ್ಲ, ಲಾಯರ್ ಇಟ್ಟುಕೊಂಡ ಜನ ಇಷ್ಟು ಸುಲಭವಾಗಿ ಸಹಿ ಹಾಕಿದ್ದು ಯಾಕೆ? ನನಗನ್ನಿಸೋದು, ಅವರು ಲೆಕ್ಕ ನೋಡಲಿಲ್ಲ, ಹೆಸರು ನೋಡಿದರು.

1994ರಿಂದ ಮಿತ ಹೊಣೆಯ ಕಂಪನಿಗಳೂ ಬಂಡವಾಳ ಹಾಕಬಹುದು ಅಂತಾಯಿತು. ಈಗ ದುಡ್ಡು ಬಹುಪಾಲು ಅವರದ್ದೇ. 2024ರಲ್ಲಿ ಇಡೀ ಮಾರುಕಟ್ಟೆ ಬರೆದ ಪ್ರೀಮಿಯಂ 5,550 ಕೋಟಿ ಪೌಂಡ್. ವ್ಯಾಪಾರ ಚೆನ್ನಾಗೇ ಇದೆ.

ಇನ್ನು ಹೆಸರಿನ ಗೋಜಲು. ಇಂಗ್ಲಿಷಿನಲ್ಲಿ ಈ ಮಂಡಿಯ ಹೆಸರಿನ ಕೊನೆಯ ‘ಸ್’ ಮುಂಚೆ ಒಂದು ಪುಟ್ಟ ಕೊಕ್ಕೆ ಇದೆ, ‘ಲಾಯ್ಡ್‌ನ ಅಂಗಡಿ’ ಎಂಬ ಅರ್ಥದಲ್ಲಿ. ಲಾಯ್ಡ್ಸ್ ಬ್ಯಾಂಕಿಗೆ ಆ ಕೊಕ್ಕೆ ಇಲ್ಲ. ಆ ಬ್ಯಾಂಕ್ 1765ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಟೇಲರ್ ಮತ್ತು ಸ್ಯಾಂಪ್ಸನ್ ಲಾಯ್ಡ್ ಶುರು ಮಾಡಿದ್ದು, ಕಾಫಿ ಅಂಗಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಕನ್ನಡದಲ್ಲಿ ಬರೆದಾಗ ಕೊಕ್ಕೆ ಹಾರಿಹೋಗಿ ಎರಡೂ ಒಂದೇ ಆಗುತ್ತವೆ. ಹಾಗಾಗಿ ನಮ್ಮಲ್ಲಿ ಗೊಂದಲ ಇನ್ನೂ ಜಾಸ್ತಿ. ಹಡಗಿನ ಗಟ್ಟಿತನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಲಾಯ್ಡ್ಸ್ ರಿಜಿಸ್ಟರ್ 1760ರಲ್ಲಿ ಅದೇ ಕಾಫಿ ಅಂಗಡಿಯಲ್ಲಿ ಹುಟ್ಟಿದ್ದು, ಆದರೆ ಬೇರೆ ಸಂಸ್ಥೆ. ‘ಎ ಒನ್’ ಅಂತ ನಾವು ಈಗಲೂ ಹೊಗಳುತ್ತೀವಲ್ಲ, ಆ ಮಾತು ಜನಪ್ರಿಯವಾಗಿದ್ದು ಅಲ್ಲಿ ಹಡಗಿಗೆ ಕೊಡುತ್ತಿದ್ದ ದರ್ಜೆಯಿಂದ.

ಹಡಗಿನ ಲೋಕದಲ್ಲಿ ಆ ಹೆಸರು ಎಷ್ಟು ತೂಕದ್ದಾಗಿತ್ತು ಅಂದರೆ ಯೂರೋಪಿನವರು ಎರವಲು ತಂದು ಇಟ್ಟುಕೊಂಡರು. 1833ರಲ್ಲಿ ಟ್ರಿಯೆಸ್ಟ್‌ನಲ್ಲಿ ಆಸ್ಟ್ರಿಯನ್ ಲಾಯ್ಡ್, 1857ರಲ್ಲಿ ಬ್ರೆಮೆನ್‌ನಲ್ಲಿ ಉತ್ತರ ಜರ್ಮನ್ ಲಾಯ್ಡ್. ವೈಟ್‌ಫೀಲ್ಡ್ ಕಂಟೇನರ್ ಡಿಪೊ ಕಡೆ ಓಡಾಡುವವರು ಕಿತ್ತಳೆ ಬಣ್ಣದ ‘ಹಪಾಗ್-ಲಾಯ್ಡ್’ ಕಂಟೇನರ್ ನೋಡಿರುತ್ತೀರಿ. ಅದರ ಲಾಯ್ಡ್ ಬಂದದ್ದು ಆ ಬ್ರೆಮೆನ್ ಕಂಪನಿಯಿಂದ. ಮನೆಯ ಎಸಿ ಮೇಲಿನ ‘ಲಾಯ್ಡ್’? ಅದು 2017ರಿಂದ ಹ್ಯಾವೆಲ್ಸ್‌ನವರದ್ದು, ವಿಮೆಗೂ ಅದಕ್ಕೂ ನಂಟಿಲ್ಲ. ಟೆಕ್ಸಾಸ್‌ನಲ್ಲಿರುವ ಕನ್ನಡಿಗರಲ್ಲಿ ಕೆಲವರ ಮನೆಯ ಪಾಲಿಸಿ ಮೇಲೆ ‘ಸ್ಟೇಟ್ ಫಾರ್ಮ್ ಲಾಯ್ಡ್ಸ್’ ಎಂದಿರಬಹುದು. ಲಂಡನ್ನಿನದ್ದು ಅಂದುಕೊಂಡಿದ್ದರೆ ಅಲ್ಲ. ಆ ರಾಜ್ಯದ ಕಾನೂನಿನಲ್ಲಿ ‘ಲಾಯ್ಡ್ಸ್’ ಎಂಬುದು ಒಂದು ಬಗೆಯ ವಿಮಾ ಸಂಸ್ಥೆಗೇ ಹೆಸರು.

ನಮ್ಮ ಕಾನೂನಿನಲ್ಲೂ ಈ ಹೆಸರು ಬಂದು ಕೂತಿದೆ. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ತಂದಾಗ ‘ವಿದೇಶಿ ಕಂಪನಿ’ ಅಂದರೆ ಏನು ಎಂದು ಬರೆಯಬೇಕಿತ್ತು. ಲಾಯ್ಡ್ಸ್ ಸಾಮಾನ್ಯ ಅರ್ಥದ ಕಂಪನಿ ಅಲ್ಲವಲ್ಲ! ಅದಕ್ಕೇ ‘1871ರ ಲಾಯ್ಡ್ಸ್ ಕಾಯ್ದೆಯಡಿ ಸ್ಥಾಪಿತವಾದ ಲಾಯ್ಡ್ಸ್ ಅಥವಾ ಅದರ ಯಾವುದೇ ಸದಸ್ಯರೂ ಸೇರಿ’ ಎಂಬರ್ಥದ ಮಾತನ್ನು ಸಂಸತ್ತು ಪ್ರತ್ಯೇಕವಾಗಿ ಸೇರಿಸಿತು. ಅದರ ಬಲದಿಂದ 2017ರಲ್ಲಿ ಲಾಯ್ಡ್ಸ್‌ನ ಮರುವಿಮೆ ಶಾಖೆಗೆ ಭಾರತದಲ್ಲಿ ಅನುಮತಿ ಸಿಕ್ಕಿತು. ಈ ಕಡೆಯಿಂದಲೂ ಒಂದು ಹೆಜ್ಜೆ ಆ ಕಡೆ ಹೋಗಿದೆ. ನಮ್ಮ ಸರ್ಕಾರಿ ಮರುವಿಮೆ ಸಂಸ್ಥೆ ಜಿಐಸಿ 2018ರಲ್ಲಿ ಲಾಯ್ಡ್ಸ್ ಮಂಡಿಯಲ್ಲಿ ತನ್ನದೇ ಸಿಂಡಿಕೇಟ್ ತೆರೆಯಿತು. ಅದಕ್ಕೆ ಸಿಕ್ಕ ನಂಬರ್ 1947.

ಈ ಹೆಸರಿನ ಬಳಕೆಯನ್ನು ಲಾಯ್ಡ್ಸ್ ಕಟ್ಟುನಿಟ್ಟಾಗಿ ಕಾಯುತ್ತದೆ. ಒಳಗೆ ವ್ಯಾಪಾರ ಮಾಡುವವರೇ ಆದರೂ ಮನಸ್ಸಿಗೆ ಬಂದಂತೆ ಬಳಸುವಂತಿಲ್ಲ. ಪಾಲಿಸಿಯ ಮೇಲೆ ಇರುವುದು ‘ಲಂಡನ್ನಿನ ಲಾಯ್ಡ್ಸ್‌ನಲ್ಲಿರುವ ಇಂತಿಂಥ ಅಂಡರ್‌ರೈಟರ್‌ಗಳು’ ಎಂಬ ಒಕ್ಕಣೆ. ಅಮೆರಿಕದ ಕೋರ್ಟುಗಳಲ್ಲಿ ಕೇಸು ನಡೆಯುವುದೂ ಅದೇ ಹೆಸರಿನಲ್ಲಿ. ಹೊರಗೆ ಮಾತ್ರ ಕೆಲವು ಕ್ರಿಪ್ಟೊ ಕಂಪನಿಗಳು ‘ಲಾಯ್ಡ್ಸ್ ವಿಮೆ ಇದೆ, ನಿಮ್ಮ ದುಡ್ಡು ಭದ್ರ’ ಅಂತ ಜಾಹೀರಾತು ಕೊಟ್ಟಿದ್ದಿದೆ. ವಿಮೆ ನಿಜವಾಗಿಯೂ ಇರಬಹುದು. ಆದರೆ ಅದು ಕಂಪನಿಯ ಲಾಕರಿನಿಂದ ಕಳ್ಳತನವಾದರೆ ಮಾತ್ರವೋ, ನಿಮ್ಮ ಪಾಸ್‌ವರ್ಡ್ ಕದ್ದರೂ ಸಿಗುತ್ತೋ? ಎಷ್ಟು ಹಣದವರೆಗೆ? ಹಣ ಬರುವುದು ನಿಮಗೋ, ಕಂಪನಿಗೋ? ಇಂಥ ಜಾಹೀರಾತು ಕಂಡರೆ ಸಿಂಡಿಕೇಟ್ ನಂಬರ್ ಕೇಳಿ ನೋಡಿ. ನಂಬರ್ ಇಲ್ಲ ಅಂದರೆ ಮಂಡಿಯಲ್ಲಿ ಅಂಗಡಿ ಇಲ್ಲ ಅಂತಲೇ ಲೆಕ್ಕ.

ಹೆಸರಿಗೆ ಇನ್ನೊಂದು ಕಲೆಯೂ ಇದೆ. 18ನೇ ಶತಮಾನದಲ್ಲಿ ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಹಡಗುಗಳಿಗೂ ಇದೇ ಮೇಜುಗಳಲ್ಲಿ ವಿಮೆ ಬರೆದರು. 2020ರ ಜೂನ್‌ನಲ್ಲಿ ಲಾಯ್ಡ್ಸ್ ಅದಕ್ಕೆ ಕ್ಷಮೆ ಕೇಳಿತು.

ಮತ್ತೆ ಕೆಂಪು ಸಮುದ್ರಕ್ಕೆ ಬರೋಣ. ಯಾವ ಸಮುದ್ರ ಅಪಾಯದ್ದು ಎಂಬ ಪಟ್ಟಿಯನ್ನು ಲಂಡನ್ನಿನಲ್ಲಿ ಜಂಟಿ ಯುದ್ಧ ಸಮಿತಿ ಮಾಡುತ್ತದೆ. ಅದರಲ್ಲಿ ಲಾಯ್ಡ್ಸ್‌ನವರೂ ಇದ್ದಾರೆ, ಹೊರಗಿನ ವಿಮಾ ಕಂಪನಿಗಳವರೂ ಇದ್ದಾರೆ. ಅದು ಬೆಲೆ ಕಟ್ಟುವುದಿಲ್ಲ, ಗೆರೆ ಎಳೆಯುತ್ತದೆ ಅಷ್ಟೇ. 2023ರ ಡಿಸೆಂಬರಿನಲ್ಲಿ ಆ ಗೆರೆಯನ್ನು ಕೆಂಪು ಸಮುದ್ರದಲ್ಲಿ 15 ಡಿಗ್ರಿಯಿಂದ 18 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಸರಿಸಿದರು. ಗೆರೆಯೊಳಗೆ ಹೋಗುವ ಹಡಗು ಮೊದಲೇ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ದಾಳಿಗೆ ಮುಂಚೆ ಅದು ಹಡಗಿನ ಬೆಲೆಯ ಶೇ 0.1ಕ್ಕಿಂತ ಕಡಿಮೆ ಇತ್ತು. 2024ರ ಜನವರಿ ಹೊತ್ತಿಗೆ ಶೇ 0.7ರಿಂದ 1ರವರೆಗೆ ಏರಿತು. 5 ಕೋಟಿ ಡಾಲರ್ ಬೆಲೆಯ ಹಡಗಾದರೆ ಶೇ 0.05ಕ್ಕೆ 25 ಸಾವಿರ ಡಾಲರ್, ಶೇ 1ಕ್ಕೆ 5 ಲಕ್ಷ ಡಾಲರ್. ಅದೂ ಒಂದು ಸಲ ದಾಟುವುದಕ್ಕೆ. ಆಫ್ರಿಕಾ ಸುತ್ತಿಕೊಂಡು ಹೋಗುವುದೇ ವಾಸಿ ಅಂತ ಬಹಳಷ್ಟು ಹಡಗುಗಳು ತಿರುಗಿದ್ದು ಕ್ಷಿಪಣಿಯ ಭಯಕ್ಕೆ ಹೇಗೋ ಹಾಗೇ ಈ ಲೆಕ್ಕಕ್ಕೂ.

ಈ ಗೆರೆ ಎಳೆಯುವ ಬಲವನ್ನು ಸರ್ಕಾರಗಳೂ ಬಳಸಿಕೊಂಡಿವೆ. 2022ರ ಡಿಸೆಂಬರಿನಲ್ಲಿ ರಷ್ಯಾದ ಕಚ್ಚಾ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದಾಗ ಪಶ್ಚಿಮದ ದೇಶಗಳು ಹಿಡಿದ ಲಗಾಮು ವಿಮೆಯದ್ದೇ. ಅದಕ್ಕಿಂತ ಹೆಚ್ಚು ಬೆಲೆಗೆ ಮಾರಿದ ತೈಲ ಹೊತ್ತ ಹಡಗಿಗೆ ಲಂಡನ್ನಿನವರು ವಿಮೆ ಕೊಡುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಯೂರೋಪ್ ಮತ್ತು ಬ್ರಿಟನ್ ಮಿತಿಯನ್ನು 47.6 ಡಾಲರಿಗೆ ಇಳಿಸಿದವು. ಪರಿಣಾಮ, ಲಂಡನ್ನಿನ ಹೆಸರಿಲ್ಲದ, ಎಲ್ಲಿಯದೋ ಬಾವುಟ ಹಾರಿಸುವ ಹಳೇ ಟ್ಯಾಂಕರ್‌ಗಳ ದೊಡ್ಡ ದಂಡೇ ಸಮುದ್ರದಲ್ಲಿದೆ. ತೈಲ ಸೋರಿದರೆ ಪರಿಹಾರ ಕೊಡುವ ವಿಮೆ ಇನ್ನೊಂದು ಬಗೆಯದ್ದು. ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಕ್ಲಬ್‌ಗಳು ಅದನ್ನು ನೋಡಿಕೊಳ್ಳುತ್ತವೆ. ಪತ್ರಿಕೆಗಳು ಅದನ್ನೂ ‘ಲಾಯ್ಡ್ಸ್’ ಬುಟ್ಟಿಗೇ ಹಾಕಿಬಿಡುತ್ತವೆ. ಪಣಂಬೂರಿನ ನವ ಮಂಗಳೂರು ಬಂದರಿಗೆ ತೈಲ ತರುವ ಯಾವ ದೊಡ್ಡ ಟ್ಯಾಂಕರ್ ಆದರೂ ಈ ಸೋರಿಕೆ ವಿಮೆಯ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಮೀನು ಹಿಡಿಯಲು ಅದೇ ನೀರಿಗೆ ಇಳಿಯುವವರಿಗೆ ಮುಖ್ಯವಾಗುವುದು ಆ ಕಾಗದದ ಮೇಲಿನ ಹೆಸರು, ಆ ಹೆಸರಿನ ಹಿಂದೆ ದುಡ್ಡು ಇದೆಯೋ ಇಲ್ಲವೋ ಎಂಬುದು.